ನಿರ್ಮಾಣ ಕಾಮಗಾರಿಗಳಲ್ಲಿ ಸುರಕ್ಷತಾ ತರಬೇತಿ ಮತ್ತು ಆಡಳಿತ ವರ್ಗದ ಪಾತ್ರ

ನಿರ್ಮಾಣ ಕಾಮಗಾರಿಗಳಲ್ಲಿ ಸುರಕ್ಷತಾ ತರಬೇತಿ ಎಂದರೆ ಕಟ್ಟಡ, ಸೇತುವೆ, ರಸ್ತೆ, ಸುರಂಗ, ಅಣೆಕಟ್ಟು ಮೊದಲಾದವುಗಳನ್ನು ಕಟ್ಟುವ, ದುರಸ್ತಿ ಮಾಡುವ ಅಥವಾ ಕೆಡಹುವ ಕೆಲಸದಲ್ಲಿ ತೊಡಗಿರುವವರಿಗೆ ಅಲ್ಲಿನ ಅಪಾಯಗಳನ್ನು ಗುರುತಿಸಲು ಹಾಗೂ ತಮ್ಮನ್ನೂ ಜೊತೆಯವರನ್ನೂ ಕಾಪಾಡಿಕೊಳ್ಳಲು ಕಲಿಸುವ ವ್ಯವಸ್ಥಿತ ಶಿಕ್ಷಣವಾಗಿದೆ. ಕಾಮಗಾರಿಯ ಮಾಲೀಕ, ಮುಖ್ಯ ಗುತ್ತಿಗೆದಾರ, ಉಪಗುತ್ತಿಗೆದಾರ, ಯೋಜನಾ ಇಂಜಿನಿಯರ್ ಮತ್ತು ಮೇಲ್ವಿಚಾರಕರನ್ನು ಒಟ್ಟಾಗಿ ಇಲ್ಲಿ ಆಡಳಿತ ವರ್ಗವೆಂದು ಕರೆಯಲಾಗಿದೆ. ಏನು ಮಾಡಬೇಕೆಂಬುದನ್ನು ತರಬೇತಿಯು ಕಾರ್ಮಿಕನಿಗೆ ತಿಳಿಸುತ್ತದೆ. ಅದನ್ನು ಮಾಡಲು ಬೇಕಾದ ಸಮಯ, ಸಾಧನ ಮತ್ತು ಅಧಿಕಾರ ಅವನಿಗೆ ಇದೆಯೇ ಎಂಬುದನ್ನು ನಿರ್ಧರಿಸುವುದು ಆಡಳಿತ ವರ್ಗ. ಆದ್ದರಿಂದ ಇವೆರಡನ್ನೂ ಒಂದೇ ವಿಷಯದ ಎರಡು ಭಾಗಗಳಾಗಿ ಅಭ್ಯಾಸ ಮಾಡಲಾಗುತ್ತದೆ.

ನಿರ್ಮಾಣ ಕೆಲಸದ ಸ್ವರೂಪ

ಕಾರ್ಖಾನೆಯ ಕೆಲಸಕ್ಕೂ ನಿರ್ಮಾಣ ಕೆಲಸಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ಕಾರ್ಖಾನೆಯಲ್ಲಿ ಯಂತ್ರವು ಒಂದೇ ಸ್ಥಳದಲ್ಲಿದ್ದು ಅದರ ಅಪಾಯಗಳು ಹೆಚ್ಚುಕಡಿಮೆ ಸ್ಥಿರವಾಗಿರುತ್ತವೆ. ನಿರ್ಮಾಣ ಸ್ಥಳವಾದರೋ ದಿನದಿನಕ್ಕೂ ಬದಲಾಗುತ್ತದೆ. ನಿನ್ನೆ ಸಮತಟ್ಟಾಗಿದ್ದ ನೆಲದಲ್ಲಿ ಇಂದು ಆಳವಾದ ಗುಂಡಿ ಇರಬಹುದು. ಬೆಳಿಗ್ಗೆ ಮುಚ್ಚಿದ್ದ ಲಿಫ್ಟಿನ ತೆರಪು ಸಂಜೆಯ ವೇಳೆಗೆ ತೆರೆದಿರಬಹುದು. ಗಾರೆ ಕೆಲಸದವರು, ಕಂಬಿ ಕಟ್ಟುವವರು, ಸೆಂಟ್ರಿಂಗ್ ಕೆಲಸದವರು, ವಿದ್ಯುತ್ ಕೆಲಸದವರು ಮತ್ತು ಬಣ್ಣ ಬಳಿಯುವವರು ಬೇರೆ ಬೇರೆ ಉಪಗುತ್ತಿಗೆದಾರರ ಕೈಕೆಳಗೆ ಒಂದೇ ಕಟ್ಟಡದಲ್ಲಿ ದುಡಿಯುತ್ತಾರೆ. ಒಬ್ಬರ ಕೆಲಸದಿಂದ ಉಂಟಾದ ಅಪಾಯಕ್ಕೆ ಇನ್ನೊಬ್ಬರು ಈಡಾಗುವುದು ಅಪರೂಪವಲ್ಲ.

ಭಾರತದಲ್ಲಿ ಈ ಕೆಲಸಕ್ಕೆ ಬರುವವರಲ್ಲಿ ಬಹುಮಂದಿ ಕೃಷಿಕೂಲಿಯಿಂದ ಬಂದವರು. ಮಳೆ ಕೈಕೊಟ್ಟಾಗ ಅಥವಾ ಸುಗ್ಗಿ ಮುಗಿದ ಮೇಲೆ ಊರು ಬಿಟ್ಟು ನಗರ ಸೇರುವ ಇವರು ಕೆಲಸವನ್ನು ಮೇಸ್ತ್ರಿಯ ಬಳಿ ನೋಡಿ ಕಲಿಯುತ್ತಾರೆ. ಮೇಸ್ತ್ರಿಯಿಂದ ಕೌಶಲ ಬರುವಂತೆಯೇ ಅವನ ಅಪಾಯಕಾರಿ ಅಭ್ಯಾಸಗಳೂ ಬರುತ್ತವೆ. ವ್ಯವಸ್ಥಿತ ತರಬೇತಿಯ ಅಗತ್ಯ ಇಲ್ಲಿಂದಲೇ ಆರಂಭವಾಗುತ್ತದೆ.

ಪ್ರಮುಖ ಅಪಾಯಗಳು

ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯಾದ ಓಷಾ, ನಿರ್ಮಾಣ ಕ್ಷೇತ್ರದ ಸಾವುಗಳಿಗೆ ಮುಖ್ಯವಾಗಿ ನಾಲ್ಕು ಕಾರಣಗಳನ್ನು ಗುರುತಿಸುತ್ತದೆ. ಭಾರತದ ಕಾಮಗಾರಿಗಳನ್ನು ಅರಿಯಲು ಕೂಡ ಈ ವಿಂಗಡಣೆ ಉಪಯುಕ್ತವಾಗಿದೆ.

ಎತ್ತರದಿಂದ ಬೀಳುವುದು: ಸಾರುವೆ, ಏಣಿ, ತಾರಸಿಯ ಅಂಚು, ಲಿಫ್ಟ್ ಮತ್ತು ಮೆಟ್ಟಿಲುಗಳಿಗಾಗಿ ಬಿಟ್ಟ ತೆರಪುಗಳು ಇದಕ್ಕೆ ಕಾರಣವಾಗುತ್ತವೆ. ಅಂಚಿಗೆ ಕಟಕಟೆ, ತೆರಪಿಗೆ ಗಟ್ಟಿಯಾದ ಮುಚ್ಚಳ, ಕೆಳಗೆ ಬಲೆ ಮತ್ತು ಕಾರ್ಮಿಕನಿಗೆ ಸುರಕ್ಷತಾ ಬೆಲ್ಟ್ ಇದರಿಂದ ರಕ್ಷಿಸುವ ಕ್ರಮಗಳು. ಒರಗಿಸಿ ಇಡುವ ಏಣಿಯನ್ನು ಪ್ರತಿ ನಾಲ್ಕು ಅಡಿ ಎತ್ತರಕ್ಕೆ ಬುಡ ಒಂದು ಅಡಿ ಹೊರಗೆ ಬರುವಂತೆ ಇಡಬೇಕು. ಅದರ ತುದಿ, ಇಳಿಯುವ ಮಟ್ಟಕ್ಕಿಂತ ಸುಮಾರು ಒಂದು ಮೀಟರ್ ಮೇಲಕ್ಕೆ ಚಾಚಿರಬೇಕು.

ವಸ್ತುಗಳು ಬಡಿಯುವುದು: ಮೇಲಿನಿಂದ ಜಾರಿದ ಇಟ್ಟಿಗೆ, ಕ್ರೇನಿನಲ್ಲಿ ತೂಗುತ್ತಿರುವ ಹೊರೆ, ಹಿಂದಕ್ಕೆ ಚಲಿಸುವ ಲಾರಿ ಮೊದಲಾದವು ಈ ಗುಂಪಿಗೆ ಸೇರುತ್ತವೆ. ಸಾರುವೆಯ ಹಲಗೆಯ ಅಂಚಿಗೆ ತಡೆಹಲಗೆ ಬಡಿಯುವುದು, ತೂಗುವ ಹೊರೆಯ ಕೆಳಗೆ ಯಾರೂ ನಿಲ್ಲದಂತೆ ಜಾಗವನ್ನು ಬೇಲಿಯಿಂದ ಪ್ರತ್ಯೇಕಿಸುವುದು ಸರಳ ಪರಿಹಾರಗಳು.

ವಿದ್ಯುದಾಘಾತ: ಕಟ್ಟಡದ ಪಕ್ಕದಲ್ಲಿ ಹಾದುಹೋಗುವ ವಿದ್ಯುತ್ ತಂತಿಗಳು, ಸುಲಿದ ವೈರುಗಳು, ಅರ್ಥಿಂಗ್ ಇಲ್ಲದ ಯಂತ್ರಗಳು ಇದಕ್ಕೆ ಕಾರಣ. ಉದ್ದನೆಯ ಕಬ್ಬಿಣದ ಕಂಬಿಯನ್ನು ಮೇಲಂತಸ್ತಿಗೆ ಎತ್ತುವಾಗ ಅದು ತಂತಿಗೆ ತಗುಲಿ ಸಾವು ಸಂಭವಿಸುವುದುಂಟು. ಸೋರಿಕೆ ಪ್ರವಾಹ 30 ಮಿಲಿ ಆಂಪಿಯರ್ ತಲುಪಿದರೆ ಸರಬರಾಜನ್ನು ಕಡಿದುಹಾಕುವ ರಕ್ಷಣಾ ಸ್ವಿಚ್ಚು ಇಂತಹ ಅನೇಕ ಸಾವುಗಳನ್ನು ತಡೆಯಬಲ್ಲದು.

ಸಿಲುಕಿಕೊಳ್ಳುವುದು ಮತ್ತು ಮಣ್ಣು ಕುಸಿಯುವುದು: ಪಾಯದ ಗುಂಡಿ ಅಥವಾ ಒಳಚರಂಡಿಯ ಕಂದಕದ ಪಕ್ಕದ ಮಣ್ಣು ಕುಸಿದರೆ ತಪ್ಪಿಸಿಕೊಳ್ಳಲು ಸಮಯವಿರುವುದಿಲ್ಲ. ಒಂದು ಘನ ಮೀಟರ್ ಮಣ್ಣಿನ ತೂಕ ಒಂದೂವರೆ ಟನ್ನಿಗಿಂತ ಹೆಚ್ಚಿರಬಹುದು. ಎದೆಯವರೆಗೆ ಹೂತುಹೋದವನು ತಲೆ ಹೊರಗಿದ್ದರೂ ಉಸಿರಾಡಲಾರ. 1.5 ಮೀಟರಿಗಿಂತ ಆಳವಾದ ಕಂದಕದ ಬದಿಗಳಿಗೆ ಆಸರೆ ಕೊಡಬೇಕೆಂದು ಅಗೆತದ ಸುರಕ್ಷತೆಗೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 3764 ಸೂಚಿಸುತ್ತದೆ. ಅಗೆದ ಮಣ್ಣನ್ನು ಅಂಚಿನಲ್ಲೇ ರಾಶಿ ಹಾಕದೆ ದೂರ ಸಾಗಿಸುವುದೂ ಅಷ್ಟೇ ಮುಖ್ಯ.

ಇವುಗಳ ಜೊತೆಗೆ ಸಿಮೆಂಟಿನಿಂದ ಚರ್ಮಕ್ಕೆ ಆಗುವ ಹಾನಿ, ಕಲ್ಲುಧೂಳಿನಿಂದ ಶ್ವಾಸಕೋಶಕ್ಕೆ ಬರುವ ಸಿಲಿಕೋಸಿಸ್, ಬಿಸಿಲಿನ ಬಳಲಿಕೆ, ಯಂತ್ರಗಳ ಸದ್ದಿನಿಂದ ಬರುವ ಕಿವುಡು ನಿಧಾನವಾಗಿ ಕಾಡುವ ಅಪಾಯಗಳಾಗಿವೆ. ಇವು ಅಪಘಾತದ ಲೆಕ್ಕದಲ್ಲಿ ಸೇರದೆ ಉಳಿಯುವುದೇ ಹೆಚ್ಚು.

ಇತಿಹಾಸದ ಎರಡು ಉದಾಹರಣೆಗಳು

ಆಡಳಿತ ವರ್ಗದ ನಿರ್ಧಾರಗಳು ಕಾರ್ಮಿಕರ ಜೀವವನ್ನು ಹೇಗೆ ಉಳಿಸಬಲ್ಲವು ಮತ್ತು ಹೇಗೆ ಕಳೆಯಬಲ್ಲವು ಎಂಬುದಕ್ಕೆ ಅಮೆರಿಕದ ಎರಡು ಕಾಮಗಾರಿಗಳನ್ನು ಉದಾಹರಿಸಬಹುದು.

ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆಯ ನಿರ್ಮಾಣವು 1933ರ ಜನವರಿಯಲ್ಲಿ ಆರಂಭವಾಯಿತು. ದೊಡ್ಡ ಕಾಮಗಾರಿಗಳಲ್ಲಿ ಪ್ರತಿ ಹತ್ತು ಲಕ್ಷ ಡಾಲರ್ ವೆಚ್ಚಕ್ಕೆ ಒಂದು ಸಾವು ಸಹಜವೆಂದು ಆ ಕಾಲದಲ್ಲಿ ಭಾವಿಸಲಾಗುತ್ತಿತ್ತು. ಸುಮಾರು 3.5 ಕೋಟಿ ಡಾಲರಿನ ಆ ಕಾಮಗಾರಿಯಲ್ಲಿ ಮುಖ್ಯ ಇಂಜಿನಿಯರ್ ಜೋಸೆಫ್ ಸ್ಟ್ರಾಸ್ ಈ ಲೆಕ್ಕವನ್ನು ಒಪ್ಪಲಿಲ್ಲ. ಗಟ್ಟಿ ಟೋಪಿ ಧರಿಸುವುದನ್ನು ಕಡ್ಡಾಯ ಮಾಡಿದ್ದಲ್ಲದೆ, 1,30,000 ಡಾಲರಿಗೂ ಹೆಚ್ಚು ಖರ್ಚು ಮಾಡಿ ಸೇತುವೆಯ ಕೆಳಗೆ ಬಲೆಯನ್ನು ಕಟ್ಟಿಸಲಾಯಿತು. ಕೆಳಗೆ ಬಿದ್ದ 19 ಮಂದಿಯನ್ನು ಆ ಬಲೆ ಬದುಕಿಸಿತು. ಆದರೆ 1937ರ ಫೆಬ್ರವರಿ 17ರಂದು ಭಾರವಾದ ತೂಗುವೇದಿಕೆಯೊಂದು ಕಳಚಿ ಬಿದ್ದಾಗ ಬಲೆಯೇ ಹರಿಯಿತು. ಅಂದು 10 ಮಂದಿ ಸತ್ತರು. ಇಡೀ ಕಾಮಗಾರಿಯಲ್ಲಿ ಮಡಿದವರು 11 ಮಂದಿ. ಬಲೆಯಿಂದ ಬದುಕಿದ 19 ಮಂದಿಗೆ ಆ ಕೆಲಸದಲ್ಲಿ ಬೇಕಾಗಿದ್ದುದು ಹೆಚ್ಚಿನ ಎಚ್ಚರಿಕೆಯ ಉಪದೇಶವಲ್ಲ, ಹಣ ಖರ್ಚು ಮಾಡುವ ಅಧಿಕಾರವಿದ್ದವನ ಒಂದು ತೀರ್ಮಾನ.

ಎರಡನೆಯದು ಪಶ್ಚಿಮ ವರ್ಜೀನಿಯಾದ ವಿಲೋ ಐಲೆಂಡ್ ದುರಂತ. ಅಲ್ಲಿನ ವಿದ್ಯುತ್ ಸ್ಥಾವರದ ತಂಪುಗೋಪುರದ ನಿರ್ಮಾಣದಲ್ಲಿ ಸಾರುವೆಯನ್ನು ನೆಲದಿಂದ ಕಟ್ಟದೆ, ಆಗಲೇ ಹಾಕಿದ್ದ ಕಾಂಕ್ರೀಟ್ ಗೋಡೆಗೇ ಬಿಗಿಯಲಾಗಿತ್ತು. 1978ರ ಏಪ್ರಿಲ್ 27ರಂದು, ಹಿಂದಿನ ದಿನವಷ್ಟೇ ಹಾಕಿದ್ದ ಕಾಂಕ್ರೀಟ್ ಭಾರವನ್ನು ತಾಳಲಾರದೆ ಕಳಚಿಕೊಂಡಿತು. ಸಾರುವೆಯ ಮೇಲಿದ್ದ 51 ಕಾರ್ಮಿಕರೂ ಸತ್ತರು. ಕಾಂಕ್ರೀಟ್ ಅಗತ್ಯವಾದಷ್ಟು ಬಲ ಪಡೆಯದಿದ್ದುದೇ ಕುಸಿತದ ಕಾರಣವೆಂದು ತನಿಖೆಯಲ್ಲಿ ಕಂಡುಬಂದಿತು. ಮುಂದಿನ ಹಂತಕ್ಕೆ ಹೋಗುವ ಮುನ್ನ ಎಷ್ಟು ಕಾಯಬೇಕೆಂಬುದು ಸಾರುವೆಯ ಮೇಲಿದ್ದವರ ಕೈಯಲ್ಲಿರಲಿಲ್ಲ. ಅವರಲ್ಲಿ ಪ್ರತಿಯೊಬ್ಬನೂ ತರಬೇತಿ ಪಡೆದವನಾಗಿದ್ದರೂ ಫಲಿತಾಂಶ ಬದಲಾಗುತ್ತಿರಲಿಲ್ಲ.

ಕಾರಣಗಳ ಕುರಿತ ಚಿಂತನೆ

ಅಪಘಾತಗಳಿಗೆ ಯಾರು ಹೊಣೆ ಎಂಬ ಪ್ರಶ್ನೆಗೆ 20ನೆಯ ಶತಮಾನದಲ್ಲಿ ಉತ್ತರಗಳು ಬದಲಾಗುತ್ತ ಬಂದಿವೆ. ಅಮೆರಿಕದ ವಿಮಾ ಸಂಸ್ಥೆಯೊಂದರಲ್ಲಿದ್ದ ಹರ್ಬರ್ಟ್ ಹೈನ್ರಿಚ್ 1931ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಶೇಕಡಾ 88ರಷ್ಟು ಅಪಘಾತಗಳಿಗೆ ಕಾರ್ಮಿಕರ ಅಸುರಕ್ಷಿತ ನಡವಳಿಕೆಯೇ ಕಾರಣವೆಂದು ಹೇಳಿದನು. ಈ ಅಭಿಪ್ರಾಯವು ದೀರ್ಘಕಾಲ ಪ್ರಭಾವ ಬೀರಿತು. ಮೇಲ್ವಿಚಾರಕರು ಬರೆದ ವರದಿಗಳನ್ನು ಆಧರಿಸಿದ್ದರಿಂದ ಅದು ಏಕಪಕ್ಷೀಯವೆಂಬ ಟೀಕೆ ಮುಂದೆ ಬಂದಿತು.

ಬ್ರಿಟನ್ನಿನ ಮನೋವಿಜ್ಞಾನಿ ಜೇಮ್ಸ್ ರೀಸನ್ 1990ರಲ್ಲಿ ಬೇರೊಂದು ದೃಷ್ಟಿಯನ್ನು ಮುಂದಿಟ್ಟನು. ಅವನ ಪ್ರಕಾರ ಕೆಲಸಗಾರನ ತಪ್ಪು ಸರಪಳಿಯ ಕೊನೆಯ ಕೊಂಡಿ ಮಾತ್ರ. ಅದರ ಹಿಂದೆ ವಿನ್ಯಾಸ, ಖರೀದಿ, ವೇಳಾಪಟ್ಟಿ, ಮೇಲ್ವಿಚಾರಣೆ ಎಂಬ ರಕ್ಷಣೆಯ ಹಲವು ಪದರಗಳಿದ್ದು, ಪ್ರತಿಯೊಂದು ಪದರದಲ್ಲೂ ರಂಧ್ರಗಳಿರುತ್ತವೆ. ಎಲ್ಲ ರಂಧ್ರಗಳು ಒಂದೇ ಸಾಲಿನಲ್ಲಿ ಬಂದಾಗ ಅಪಘಾತ ಸಂಭವಿಸುತ್ತದೆ.

ಈ ಚಿಂತನೆಗೆ ಹೊಂದುವಂತೆ ನಿಯಂತ್ರಣ ಕ್ರಮಗಳನ್ನು ಐದು ಮೆಟ್ಟಿಲುಗಳಾಗಿ ವಿಂಗಡಿಸಲಾಗುತ್ತದೆ. ಅಪಾಯವನ್ನೇ ಇಲ್ಲವಾಗಿಸುವುದು ಮೊದಲನೆಯದು. ಕಡಿಮೆ ಅಪಾಯದ ವಿಧಾನವನ್ನು ಬಳಸುವುದು ಎರಡನೆಯದು. ಕಟಕಟೆ, ಬಲೆ, ಆಸರೆಗಳಂತಹ ತಾಂತ್ರಿಕ ತಡೆಗಳು ಮೂರನೆಯದು. ತರಬೇತಿ, ಸೂಚನಾ ಫಲಕ, ಕೆಲಸದ ಪರವಾನಗಿ ಮೊದಲಾದ ಆಡಳಿತಾತ್ಮಕ ಕ್ರಮಗಳು ನಾಲ್ಕನೆಯದು. ಹೆಲ್ಮೆಟ್, ಬೆಲ್ಟ್, ಬೂಟು, ಕೈಗವಸುಗಳಂತಹ ವೈಯಕ್ತಿಕ ರಕ್ಷಣಾ ಸಾಧನಗಳು ಕೊನೆಯದು. ಮೇಲಿನ ಮೆಟ್ಟಿಲುಗಳು ಹೆಚ್ಚು ಪರಿಣಾಮಕಾರಿ. ತಾರಸಿಯ ಮೇಲೆ ಜೋಡಿಸಬೇಕಾದ ಉಕ್ಕಿನ ಚೌಕಟ್ಟನ್ನು ನೆಲದ ಮೇಲೆಯೇ ಜೋಡಿಸಿ ಕ್ರೇನಿನಿಂದ ಎತ್ತಿದರೆ ಎತ್ತರದ ಕೆಲಸವೇ ಕಡಿಮೆಯಾಗುತ್ತದೆ. ತರಬೇತಿಯು ನಾಲ್ಕನೆಯ ಮೆಟ್ಟಿಲಿನಲ್ಲಿದೆ ಎಂಬುದು ಗಮನಾರ್ಹ. ಅದು ಅನಿವಾರ್ಯ, ಆದರೆ ಮೊದಲ ಮೂರು ಮೆಟ್ಟಿಲುಗಳಿಗೆ ಬದಲಿಯಲ್ಲ.

ತರಬೇತಿಯ ವಿಧಗಳು

ಪ್ರವೇಶ ತರಬೇತಿ: ಕಾರ್ಮಿಕನು ಹೊಸ ಸ್ಥಳಕ್ಕೆ ಬಂದ ಮೊದಲ ದಿನ, ಕೆಲಸಕ್ಕೆ ಇಳಿಯುವ ಮುನ್ನ ನೀಡುವಂಥದು. ಆ ಸ್ಥಳದ ಅಪಾಯಗಳು, ಹೊರಹೋಗುವ ದಾರಿ, ಪ್ರಥಮ ಚಿಕಿತ್ಸೆಯ ಜಾಗ, ತೊಂದರೆಯನ್ನು ಯಾರಿಗೆ ತಿಳಿಸಬೇಕೆಂಬ ವಿವರಗಳನ್ನು ಇದರಲ್ಲಿ ಹೇಳಲಾಗುತ್ತದೆ. ಹತ್ತು ವರ್ಷಗಳ ಅನುಭವವಿದ್ದವನಿಗೂ ಇದು ಬೇಕು. ಅವನಿಗೆ ಕೆಲಸ ಗೊತ್ತಿದ್ದರೂ ಈ ಸ್ಥಳ ಗೊತ್ತಿರುವುದಿಲ್ಲ.

ದೈನಂದಿನ ಮಾತುಕತೆ: ಕೆಲಸ ಆರಂಭಿಸುವ ಮುನ್ನ ಹತ್ತು ಹದಿನೈದು ನಿಮಿಷ ತಂಡವನ್ನು ಸೇರಿಸಿ ಅಂದಿನ ಕೆಲಸ ಮತ್ತು ಅದರ ಅಪಾಯಗಳ ಬಗ್ಗೆ ಮಾತನಾಡುವ ಕ್ರಮವನ್ನು ‘ಟೂಲ್‌ಬಾಕ್ಸ್ ಟಾಕ್’ ಎಂದು ಕರೆಯುತ್ತಾರೆ. ಮೇಲ್ವಿಚಾರಕನು ಹಾಳೆಯನ್ನು ಓದಿ ಸಹಿ ಹಾಕಿಸಿಕೊಳ್ಳುವುದಕ್ಕಿಂತ, ‘ನಿನ್ನೆ ಎಲ್ಲಿ ಕಾಲು ಜಾರಿತು?’ ಎಂದು ಕಾರ್ಮಿಕರನ್ನೇ ಕೇಳುವುದು ಹೆಚ್ಚು ಫಲಕಾರಿ.

ವಿಶೇಷ ಕೆಲಸಗಳ ತರಬೇತಿ: ಸಾರುವೆ ಕಟ್ಟುವುದು, ಕ್ರೇನ್ ನಡೆಸುವುದು, ಕ್ರೇನಿಗೆ ಸನ್ನೆ ಮಾಡುವುದು, ವೆಲ್ಡಿಂಗ್, ಮುಚ್ಚಿದ ತೊಟ್ಟಿಗಳೊಳಗಿನ ಕೆಲಸ, ಬಂಡೆ ಸಿಡಿಸುವುದು ಮೊದಲಾದವುಗಳಿಗೆ ಪ್ರತ್ಯೇಕ ತರಬೇತಿ ಮತ್ತು ಪರೀಕ್ಷೆ ಅಗತ್ಯ.

ತುರ್ತು ಸನ್ನಿವೇಶದ ತರಬೇತಿ: ಸುರಕ್ಷತಾ ಬೆಲ್ಟಿನಲ್ಲಿ ತೂಗಾಡುವವನನ್ನು ಬೇಗ ಕೆಳಗಿಳಿಸದಿದ್ದರೆ ರಕ್ತಸಂಚಾರಕ್ಕೆ ತೊಂದರೆಯಾಗಿ ಪ್ರಾಣಾಪಾಯ ಉಂಟಾಗಬಹುದು. ವಿದ್ಯುತ್ ಹರಿಯುತ್ತಿರುವಾಗ ಗಾಯಾಳುವನ್ನು ಮುಟ್ಟಿದವನೂ ಬಲಿಯಾಗುತ್ತಾನೆ. ಆದ್ದರಿಂದ ಪಾರು ಮಾಡುವ ವಿಧಾನವನ್ನು ಮೊದಲೇ ಅಭ್ಯಾಸ ಮಾಡಿಸಬೇಕಾಗುತ್ತದೆ.

ಮೇಲ್ವಿಚಾರಕರ ತರಬೇತಿ: ಬಹಳ ಕಡೆ ಕಡೆಗಣಿಸಲ್ಪಡುವ ವಿಧವಿದು. ಒಬ್ಬ ಮೇಲ್ವಿಚಾರಕನ ಆದೇಶದಂತೆ ಹತ್ತಾರು ಜನ ನಡೆಯುವುದರಿಂದ, ಕಾಂಕ್ರೀಟಿನ ಬಲ, ಸಾರುವೆಯ ಭಾರಮಿತಿ ಮತ್ತು ಕೆಲಸದ ಅನುಕ್ರಮಗಳನ್ನು ಅವನು ಅರಿತಿರುವುದು ಅತ್ಯಗತ್ಯ.

ಭಾಷೆ ಮತ್ತು ಕಲಿಕೆಯ ತೊಡಕುಗಳು

ಬೆಂಗಳೂರಿನ ದೊಡ್ಡ ಕಾಮಗಾರಿಗಳಲ್ಲಿ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯವರ ಜೊತೆಗೆ ಬಿಹಾರ, ಜಾರ್ಖಂಡ್, ಒಡಿಶಾ, ಪಶ್ಚಿಮ ಬಂಗಾಳ, ಆಂಧ್ರಪ್ರದೇಶಗಳಿಂದ ಬಂದವರೂ ದುಡಿಯುತ್ತಾರೆ. ಎಚ್ಚರಿಕೆಯ ಫಲಕವು ಇಂಗ್ಲಿಷಿನಲ್ಲಿ ಮಾತ್ರ ಇದ್ದರೆ ಅದು ತಪಾಸಣೆಗೆ ಬರುವ ಅಧಿಕಾರಿಗೆ ಕಾಣಿಸುತ್ತದೆ, ಕಾರ್ಮಿಕನಿಗೆ ಅಲ್ಲ. ಓದಲು ಬಾರದವರಿಗೆ ಯಾವ ಭಾಷೆಯ ಫಲಕವೂ ಸಾಲದು. ಚಿತ್ರಗಳು, ಪ್ರಾತ್ಯಕ್ಷಿಕೆ ಮತ್ತು ಅವರದೇ ಭಾಷೆಯ ಹಿರಿಯ ಕೆಲಸಗಾರನ ಮೂಲಕ ಹೇಳಿಸುವುದು ಇಂತಲ್ಲಿ ಹೆಚ್ಚು ಉಪಯುಕ್ತ.

ಹೇಳಿದ್ದು ಅರ್ಥವಾಯಿತೇ ಎಂಬುದನ್ನು ಕಾರ್ಮಿಕನು ಮಾಡಿ ತೋರಿಸಿದಾಗ ಮಾತ್ರ ತಿಳಿಯಬಹುದು. ಬೆಲ್ಟನ್ನು ಧರಿಸಿದ್ದು ಅದರ ಕೊಕ್ಕೆಯನ್ನು ಎಲ್ಲಿಗೂ ಸಿಕ್ಕಿಸದೆ ಕೆಲಸ ಮಾಡುವ ದೃಶ್ಯ ಸಾಮಾನ್ಯ. ಅನೇಕ ವೇಳೆ ಸಿಕ್ಕಿಸಲು ಗಟ್ಟಿಯಾದ ಆಧಾರವನ್ನೇ ಒದಗಿಸಿರುವುದಿಲ್ಲ.

ಮಹಿಳಾ ಕಾರ್ಮಿಕರನ್ನು ಸಾಮಾನ್ಯವಾಗಿ ‘ಸಹಾಯಕರು’ ಎಂದು ಪರಿಗಣಿಸಿ ಕೌಶಲ ತರಬೇತಿಯಿಂದ ಹೊರಗಿಡಲಾಗುತ್ತದೆ. ಆದರೆ ಬಾಂಡ್ಲಿಯಲ್ಲಿ ಗಾರೆ ಹೊತ್ತು ಇಳಿಜಾರು ಹಲಗೆಯ ಮೇಲೆ ದಿನಕ್ಕೆ ಹಲವಾರು ಬಾರಿ ಹತ್ತಿ ಇಳಿಯುವವರು ಅವರೇ ಆಗಿದ್ದು, ಬೀಳುವ ಅಪಾಯ ಅವರಿಗೂ ಸಮಾನವಾಗಿರುತ್ತದೆ.

ಆಡಳಿತ ವರ್ಗದ ಹೊಣೆಗಳು

ಸಮಯ: ತರಬೇತಿಯ ಅವಧಿಗೂ ಕೂಲಿ ಸಲ್ಲಬೇಕು. ಅರ್ಧ ದಿನದ ಕೂಲಿ ಕಳೆದುಕೊಂಡು ಪಾಠ ಕೇಳಲು ಯಾವ ಕಾರ್ಮಿಕನೂ ಒಪ್ಪಲಾರ. ಚದರ ಅಡಿಯ ಲೆಕ್ಕದಲ್ಲಿ ಕೂಲಿ ಕೊಡುವ ತುಂಡುಗುತ್ತಿಗೆಯಲ್ಲಿ ಸಮಸ್ಯೆ ಇನ್ನೂ ಆಳವಾಗಿದೆ. ಸಾರುವೆಯನ್ನು ಬಿಗಿಪಡಿಸಲು ತೆಗೆದುಕೊಂಡ ಒಂದು ಗಂಟೆ ಅವನ ಗಳಿಕೆಯಿಂದಲೇ ಕಳೆದುಹೋಗುತ್ತದೆ. ಹೀಗಿರುವಾಗ ಸುರಕ್ಷತೆಯನ್ನು ಬೋಧಿಸುವುದೂ ಅವಸರಕ್ಕೆ ಹಣ ಕೊಡುವುದೂ ಒಂದನ್ನೊಂದು ಕಡಿದುಹಾಕುತ್ತವೆ.

ವೇಳಾಪಟ್ಟಿ: ಕಾಂಕ್ರೀಟ್ ಬಲ ಪಡೆಯಲು ನಿಗದಿತ ಸಮಯ ಬೇಕು. ಸಾಮಾನ್ಯ ಸಿಮೆಂಟ್ ಬಳಸಿದಾಗ 4.5 ಮೀಟರ್ ಅಗಲದವರೆಗಿನ ತಾರಸಿಯ ಆಧಾರದ ಕಂಬಗಳನ್ನು 7 ದಿನಗಳ ಮುನ್ನ, ಅದಕ್ಕಿಂತ ಅಗಲವಾದ ತಾರಸಿಯಲ್ಲಿ 14 ದಿನಗಳ ಮುನ್ನ ತೆಗೆಯಬಾರದೆಂದು ಐಎಸ್ 456 ತಿಳಿಸುತ್ತದೆ. 6 ಮೀಟರಿಗಿಂತ ಉದ್ದದ ತೊಲೆಗಳಿಗೆ ಈ ಅವಧಿ 21 ದಿನ. ಸೆಂಟ್ರಿಂಗ್ ಸಾಮಗ್ರಿಯ ಬಾಡಿಗೆ ದಿನದ ಲೆಕ್ಕದಲ್ಲಿ ಬೆಳೆಯುವುದರಿಂದ ಅದನ್ನು ಬೇಗ ಬಿಚ್ಚುವ ಆಸೆ ಹುಟ್ಟುತ್ತದೆ. ಅದನ್ನು ತಡೆಯುವ ಅಧಿಕಾರ ಇರುವುದು ಇಂಜಿನಿಯರಿಗೂ ಗುತ್ತಿಗೆದಾರನಿಗೂ ಮಾತ್ರ.

ಹಣ ಮತ್ತು ಸಾಧನ: ಸುರಕ್ಷತೆಯ ವೆಚ್ಚವನ್ನು ಟೆಂಡರಿನಲ್ಲಿಯೇ ಪ್ರತ್ಯೇಕವಾಗಿ ತೋರಿಸಿದರೆ, ಕಡಿಮೆ ದರ ನಮೂದಿಸುವ ಪೈಪೋಟಿಯಲ್ಲಿ ಅದು ಮೊದಲು ಕಡಿತವಾಗುವುದು ತಪ್ಪುತ್ತದೆ. ಹೆಲ್ಮೆಟ್ಟುಗಳಿಗೆ ಐಎಸ್ 2925, ಸುರಕ್ಷತಾ ಬೆಲ್ಟುಗಳಿಗೆ ಐಎಸ್ 3521 ಎಂಬ ಮಾನಕಗಳಿವೆ. ಅಗ್ಗದ ನಕಲಿ ಹೆಲ್ಮೆಟ್ ರಕ್ಷಣೆ ಕೊಡದೆ ರಕ್ಷಣೆಯ ಭ್ರಮೆಯನ್ನು ಮಾತ್ರ ಕೊಡುತ್ತದೆ.

ನಿಲ್ಲಿಸುವ ಅಧಿಕಾರ: ಅಪಾಯ ಕಂಡಾಗ ಕೆಲಸ ನಿಲ್ಲಿಸಲು ಕಾರ್ಮಿಕನಿಗೆ ಹಕ್ಕಿದೆ ಎಂದು ತರಬೇತಿಯಲ್ಲಿ ಹೇಳುವುದು ಸುಲಭ. ಹಾಗೆ ನಿಲ್ಲಿಸಿದವನನ್ನು ಮರುದಿನ ಕೆಲಸಕ್ಕೆ ಕರೆಯದಿದ್ದರೆ ಉಳಿದವರೆಲ್ಲ ಕಲಿಯುವ ಪಾಠವೇ ಬೇರೆ. ಮೇಲ್ವಿಚಾರಕನು ಅಂತಹ ಕಾರ್ಮಿಕನನ್ನು ಎಲ್ಲರೆದುರು ಬೆಂಬಲಿಸಿದ ಒಂದು ಸಂದರ್ಭವು ಅನೇಕ ಭಾಷಣಗಳಿಗಿಂತ ಹೆಚ್ಚು ಕಲಿಸುತ್ತದೆ.

ವರದಿ ಮತ್ತು ವಿಚಾರಣೆ: ಕೂದಲೆಳೆಯ ಅಂತರದಲ್ಲಿ ತಪ್ಪಿದ ಅವಘಡಗಳನ್ನು ದಾಖಲಿಸುವುದರಿಂದ ಮುಂದಿನ ಅಪಘಾತಗಳನ್ನು ತಡೆಯಬಹುದು. ಅಪಘಾತಗಳಿಲ್ಲದ ತಂಡಕ್ಕೆ ಬಹುಮಾನ ಕೊಡುವ ಪದ್ಧತಿಯಿಂದ ಸಣ್ಣ ಗಾಯಗಳನ್ನು ಮುಚ್ಚಿಡುವ ಪ್ರವೃತ್ತಿ ಬೆಳೆಯಬಹುದೆಂಬ ಆಕ್ಷೇಪವಿದೆ. ‘ಯಾರ ತಪ್ಪು?’ ಎನ್ನುವುದಕ್ಕಿಂತ ‘ಯಾವ ವ್ಯವಸ್ಥೆ ಕೈಕೊಟ್ಟಿತು?’ ಎಂದು ಕೇಳುವ ವಿಚಾರಣೆಯಲ್ಲಿ ಸತ್ಯ ಹೊರಬರುವ ಸಾಧ್ಯತೆ ಹೆಚ್ಚು.

ಸ್ವಂತ ನಡವಳಿಕೆ: ಸ್ಥಳಕ್ಕೆ ಭೇಟಿ ನೀಡುವ ಮಾಲೀಕರು ಮತ್ತು ಇಂಜಿನಿಯರುಗಳು ಹೆಲ್ಮೆಟ್ ಇಲ್ಲದೆ ಓಡಾಡಿದರೆ, ಆ ನಿಯಮ ಕೂಲಿಗಳಿಗೆ ಮಾತ್ರ ಎಂಬ ಸಂದೇಶ ಹೋಗುತ್ತದೆ.

ಭಾರತದ ಕಾನೂನುಗಳು

ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಅಧಿನಿಯಮವು 1996ರಲ್ಲಿ ಜಾರಿಗೆ ಬಂದಿತು. ಹತ್ತು ಅಥವಾ ಹೆಚ್ಚು ಕಾರ್ಮಿಕರಿರುವ ನಿರ್ಮಾಣ ಸಂಸ್ಥೆಗಳಿಗೆ ಇದು ಅನ್ವಯಿಸುತ್ತಿತ್ತು. ಸುರಕ್ಷತೆಗೆ ಸಂಬಂಧಿಸಿದ ನಿಯಮಗಳು ಪಾಲನೆಯಾಗುವಂತೆ ನಿರಂತರ ಮತ್ತು ಸಾಕಷ್ಟು ಮೇಲ್ವಿಚಾರಣೆ ಒದಗಿಸುವುದು ನಿಯೋಜಕನ ಹೊಣೆ ಎಂದು ಇದರ 44ನೆಯ ಪ್ರಕರಣ ಹೇಳುತ್ತಿತ್ತು. 500 ಅಥವಾ ಹೆಚ್ಚು ಕಾರ್ಮಿಕರಿದ್ದಲ್ಲಿ ಸುರಕ್ಷತಾ ಸಮಿತಿ ಮತ್ತು ಸುರಕ್ಷತಾ ಅಧಿಕಾರಿ ಕಡ್ಡಾಯವಾಗಿದ್ದು, ಸಮಿತಿಯಲ್ಲಿ ಕಾರ್ಮಿಕ ಪ್ರತಿನಿಧಿಗಳ ಸಂಖ್ಯೆ ನಿಯೋಜಕನ ಪ್ರತಿನಿಧಿಗಳಿಗಿಂತ ಕಡಿಮೆ ಇರಬಾರದಾಗಿತ್ತು. ಸಾವಿಗೆ, ಅಥವಾ 48 ಗಂಟೆ ಕೆಲಸ ಮಾಡಲಾಗದಂತಹ ಗಾಯಕ್ಕೆ ಕಾರಣವಾದ ಅಪಘಾತವನ್ನು ಅಧಿಕಾರಿಗಳಿಗೆ ತಿಳಿಸಬೇಕಾಗಿತ್ತು. ಸುರಕ್ಷತಾ ನಿಯಮಗಳ ಉಲ್ಲಂಘನೆಗೆ ಗರಿಷ್ಠ ಮೂರು ತಿಂಗಳ ಸೆರೆವಾಸ ಅಥವಾ 2,000 ರೂಪಾಯಿ ದಂಡ, ಇಲ್ಲವೇ ಎರಡೂ ವಿಧಿಸಬಹುದಾಗಿತ್ತು. ಒಂದು ಜೀವಕ್ಕೆ ಎದುರಾಗಿ ಈ ದಂಡ ತೀರ ಅಲ್ಪವೆಂಬ ಟೀಕೆ ಕೇಳಿಬರುತ್ತಿತ್ತು.

ಇದೇ ವರ್ಷ ಬಂದ ಇನ್ನೊಂದು ಅಧಿನಿಯಮದಂತೆ ನಿರ್ಮಾಣ ವೆಚ್ಚದ ಶೇಕಡಾ 1ರಷ್ಟನ್ನು ಸುಂಕವಾಗಿ ಸಂಗ್ರಹಿಸಿ ಕಾರ್ಮಿಕರ ಕಲ್ಯಾಣಕ್ಕೆ ಬಳಸುವ ವ್ಯವಸ್ಥೆಯಾಯಿತು. ಸಂಗ್ರಹವಾದ ಹಣ ಕಾರ್ಮಿಕರಿಗೆ ಸರಿಯಾಗಿ ತಲುಪದಿರುವ ಬಗ್ಗೆ ಸರ್ವೋಚ್ಚ ನ್ಯಾಯಾಲಯವು 2018ರ ಮಾರ್ಚ್ 19ರ ತೀರ್ಪಿನಲ್ಲಿ ತೀವ್ರ ಅಸಮಾಧಾನ ವ್ಯಕ್ತಪಡಿಸಿತು.

2020ರಲ್ಲಿ ಸಂಸತ್ತು ಅಂಗೀಕರಿಸಿದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದು ಹಳೆಯ ಅಧಿನಿಯಮದ ಸ್ಥಾನವನ್ನು ಪಡೆಯಿತು. ಇದರಂತೆ 250 ಅಥವಾ ಹೆಚ್ಚು ಕಾರ್ಮಿಕರಿರುವ ನಿರ್ಮಾಣ ಕಾಮಗಾರಿಗೆ ಸುರಕ್ಷತಾ ಅಧಿಕಾರಿ ಬೇಕು. ವಾಸ್ತುಶಿಲ್ಪಿಗಳು, ಯೋಜನಾ ಇಂಜಿನಿಯರುಗಳು ಮತ್ತು ವಿನ್ಯಾಸಕರ ಕರ್ತವ್ಯಗಳನ್ನೂ ಸಂಹಿತೆ ಹೇಳುತ್ತದೆ. ತೀವ್ರ ಗಾಯ ಅಥವಾ ಸಾವಿನ ಅಪಾಯ ಎದುರಾಗಿದೆ ಎಂದು ಭಾವಿಸಲು ಸಕಾರಣವಿದ್ದಾಗ ಕಾರ್ಮಿಕನು ಅದನ್ನು ನಿಯೋಜಕನ ಗಮನಕ್ಕೆ ತರುವ ಹಕ್ಕನ್ನು ಹೊಂದಿರುತ್ತಾನೆ. ಕರ್ತವ್ಯಲೋಪದಿಂದ ಸಾವು ಸಂಭವಿಸಿದರೆ ಎರಡು ವರ್ಷಗಳವರೆಗೆ ಸೆರೆವಾಸ ಅಥವಾ 5 ಲಕ್ಷ ರೂಪಾಯಿಗಿಂತ ಕಡಿಮೆಯಿಲ್ಲದ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ದಂಡದ ಅರ್ಧಕ್ಕೆ ಕಡಿಮೆಯಿಲ್ಲದ ಮೊತ್ತವನ್ನು ಮೃತರ ವಾರಸುದಾರರಿಗೆ ಕೊಡಿಸುವ ಅವಕಾಶ ನ್ಯಾಯಾಲಯಕ್ಕಿದೆ.

ಭಾರತೀಯ ಮಾನಕ ಬ್ಯೂರೊ ಪ್ರಕಟಿಸಿದ ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ 7ನೆಯ ಭಾಗವು ನಿರ್ಮಾಣದ ನಿರ್ವಹಣೆ ಮತ್ತು ಸುರಕ್ಷತೆಗೆ ಮೀಸಲಾಗಿದೆ. ರಾಷ್ಟ್ರೀಯ ಸುರಕ್ಷತಾ ಮಂಡಳಿ ಸ್ಥಾಪನೆಯಾದ 1966ರ ಮಾರ್ಚ್ 4ರ ನೆನಪಿಗಾಗಿ ಪ್ರತಿವರ್ಷ ಆ ದಿನವನ್ನು ರಾಷ್ಟ್ರೀಯ ಸುರಕ್ಷತಾ ದಿನವಾಗಿ ಆಚರಿಸಲಾಗುತ್ತದೆ.

ಕರ್ನಾಟಕದಲ್ಲಿ

1996ರ ಅಧಿನಿಯಮದ ಅಡಿಯಲ್ಲಿ ಕರ್ನಾಟಕವು 2006ರಲ್ಲಿ ನಿಯಮಗಳನ್ನು ರೂಪಿಸಿತು. ಮರುವರ್ಷ ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿ ಅಸ್ತಿತ್ವಕ್ಕೆ ಬಂದಿತು. ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ನಿರ್ಮಾಣ ಕೆಲಸ ಮಾಡಿದ, 18ರಿಂದ 60 ವರ್ಷದೊಳಗಿನವರು ಮಂಡಳಿಯಲ್ಲಿ ಫಲಾನುಭವಿಗಳಾಗಿ ನೋಂದಾಯಿಸಿಕೊಳ್ಳಬಹುದು. ಅಪಘಾತ ಪರಿಹಾರ, ವೈದ್ಯಕೀಯ ನೆರವು, ಮಕ್ಕಳ ಶಿಕ್ಷಣಕ್ಕೆ ಸಹಾಯ, ಪಿಂಚಣಿ ಮೊದಲಾದ ಸೌಲಭ್ಯಗಳನ್ನು ಮಂಡಳಿ ನೀಡುತ್ತದೆ. ಪರಿಹಾರವು ಅಪಘಾತದ ನಂತರ ಬರುತ್ತದೆ. ಅಪಘಾತವನ್ನು ತಡೆಯುವ ಹೊಣೆ ಕಾಮಗಾರಿಯ ಸ್ಥಳದಲ್ಲೇ ಉಳಿಯುತ್ತದೆ.

ರಾಜ್ಯವು ಕಂಡ ದೊಡ್ಡ ದುರಂತಗಳಲ್ಲಿ 1983ರ ಸೆಪ್ಟೆಂಬರ್ 12ರಂದು ಬೆಂಗಳೂರಿನಲ್ಲಿ ನಿರ್ಮಾಣ ಹಂತದಲ್ಲಿದ್ದ ಗಂಗಾರಾಮ್ ಕಟ್ಟಡದ ಕುಸಿತವೂ ಒಂದು. ಅದರಲ್ಲಿ ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಬಹುಮಹಡಿ ಕಟ್ಟಡ ಕುಸಿದು 19 ಮಂದಿ ಮೃತಪಟ್ಟರು. ಮೇಲಿನ ಕೆಲಸ ಮುಗಿಯುವ ಮೊದಲೇ ಕೆಳಗಿನ ಅಂತಸ್ತಿನಲ್ಲಿ ಅಂಗಡಿಗಳು ತೆರೆದಿದ್ದವು. ಇಡೀ ಕಟ್ಟಡವೇ ಕುಸಿಯುವಾಗ ಹೆಲ್ಮೆಟ್ಟಾಗಲಿ ಕಾರ್ಮಿಕನ ಜಾಗರೂಕತೆಯಾಗಲಿ ಕೆಲಸಕ್ಕೆ ಬರುವುದಿಲ್ಲ. ಇಂತಹ ದುರಂತಗಳನ್ನು ತಡೆಯುವುದು ವಿನ್ಯಾಸ, ಸಾಮಗ್ರಿ ಮತ್ತು ಪರವಾನಗಿಯ ಹಂತದಲ್ಲಿ ಮಾತ್ರ ಸಾಧ್ಯ.

ಸಣ್ಣ ಕಾಮಗಾರಿಗಳ ಸಮಸ್ಯೆ

ಮೆಟ್ರೊ, ಅಣೆಕಟ್ಟು, ದೊಡ್ಡ ವಸತಿ ಸಮುಚ್ಚಯಗಳಂತಹ ಕಾಮಗಾರಿಗಳಲ್ಲಿ ಸುರಕ್ಷತಾ ಅಧಿಕಾರಿ, ತರಬೇತಿ ಕೊಠಡಿ ಮತ್ತು ದಾಖಲೆಗಳಿರುತ್ತವೆ. ಆದರೆ ಬಹುಸಂಖ್ಯೆಯ ಮನೆಗಳನ್ನು ಕಟ್ಟುವವರು ಐದಾರು ಜನರ ತಂಡದ ಮೇಸ್ತ್ರಿಗಳು. ಹತ್ತಕ್ಕಿಂತ ಕಡಿಮೆ ಕಾರ್ಮಿಕರಿದ್ದ ಸಂಸ್ಥೆಗಳೂ, 10 ಲಕ್ಷ ರೂಪಾಯಿಗೆ ಮೀರದ ಸ್ವಂತ ವಾಸದ ಮನೆಗಳೂ 1996ರ ಅಧಿನಿಯಮದ ವ್ಯಾಪ್ತಿಯ ಹೊರಗಿದ್ದವು. ಇಂತಲ್ಲಿ ಮನೆ ಕಟ್ಟಿಸುವವರೇ ಆಡಳಿತ ವರ್ಗದ ಸ್ಥಾನದಲ್ಲಿರುತ್ತಾರೆ, ಆದರೆ ಆ ಅರಿವು ಅವರಿಗೆ ಇರುವುದು ವಿರಳ. ತೆರೆದ ತೆರಪುಗಳನ್ನು ಮುಚ್ಚಿಸುವುದು, ಕೊಳೆತ ಸರ್ವೆ ಮರದ ಸಾರುವೆಯನ್ನು ಬದಲಿಸಲು ಹೇಳುವುದು, ಪಕ್ಕದ ವಿದ್ಯುತ್ ತಂತಿಯ ಬಗ್ಗೆ ವಿದ್ಯುತ್ ಸರಬರಾಜು ಕಂಪನಿಗೆ ಮೊದಲೇ ತಿಳಿಸುವುದು, ಸೆಂಟ್ರಿಂಗ್ ಬಿಚ್ಚಲು ಅವಸರ ಮಾಡದಿರುವುದು ಅವರ ಕೈಯಲ್ಲೇ ಇವೆ.

ಇತರ ದೇಶಗಳಲ್ಲಿ

ನಿರ್ಮಾಣ ಕ್ಷೇತ್ರದ ಸುರಕ್ಷತೆ ಮತ್ತು ಆರೋಗ್ಯದ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1988ರಲ್ಲಿ 167ನೆಯ ಒಡಂಬಡಿಕೆಯನ್ನು ಅಂಗೀಕರಿಸಿತು. ಸುರಕ್ಷಿತ ಮತ್ತು ಆರೋಗ್ಯಕರ ಕೆಲಸದ ವಾತಾವರಣವನ್ನು 2022ರಲ್ಲಿ ಅದು ದುಡಿಮೆಯ ಮೂಲಭೂತ ತತ್ವ ಹಾಗೂ ಹಕ್ಕುಗಳ ಸಾಲಿಗೆ ಸೇರಿಸಿತು.

ಅಮೆರಿಕದಲ್ಲಿ ಕಾರ್ಮಿಕರಿಗೆ 10 ಗಂಟೆಗಳ, ಮೇಲ್ವಿಚಾರಕರಿಗೆ 30 ಗಂಟೆಗಳ ತರಬೇತಿ ಕ್ರಮಗಳು ಪ್ರಚಲಿತವಾಗಿವೆ. ಬ್ರಿಟನ್ನಿನಲ್ಲಿ 1995ರಿಂದ ಜಾರಿಯಲ್ಲಿದ್ದು 2015ರಲ್ಲಿ ಪರಿಷ್ಕರಣೆಗೊಂಡ ನಿಯಮಗಳು, ಕಟ್ಟಡ ಕಟ್ಟಿಸುವ ಗ್ರಾಹಕ, ಮುಖ್ಯ ವಿನ್ಯಾಸಕ ಮತ್ತು ಮುಖ್ಯ ಗುತ್ತಿಗೆದಾರ ಈ ಮೂವರಿಗೂ ಕಾನೂನಿನ ಹೊಣೆಯನ್ನು ಹೊರಿಸುತ್ತವೆ. ಎತ್ತರದ ಕೆಲಸವನ್ನು ನಕ್ಷೆ ಬರೆಯುವಾಗಲೇ ಕಡಿಮೆ ಮಾಡುವುದು ಇದರಿಂದ ವಿನ್ಯಾಸಕನ ಕರ್ತವ್ಯವಾಯಿತು. 2012ರ ಲಂಡನ್ ಒಲಿಂಪಿಕ್ಸ್‌ಗಾಗಿ ನಡೆದ ಒಲಿಂಪಿಕ್ ಉದ್ಯಾನದ ಬೃಹತ್ ಕಾಮಗಾರಿಯು ಒಬ್ಬ ಕಾರ್ಮಿಕನ ಸಾವೂ ಇಲ್ಲದೆ ಪೂರ್ಣಗೊಂಡಿತು. ದೊಡ್ಡ ಕಾಮಗಾರಿ ಎಂದರೆ ಕೆಲವು ಜೀವಗಳು ಹೋಗುವುದು ಸಹಜ ಎಂಬ ಹಳೆಯ ಲೆಕ್ಕಾಚಾರ ಅನಿವಾರ್ಯವಲ್ಲ ಎಂಬುದಕ್ಕೆ ಈ ಕಾಮಗಾರಿಯನ್ನು ನಿದರ್ಶನವಾಗಿ ಉಲ್ಲೇಖಿಸಲಾಗುತ್ತದೆ.